ಆಟಕ್ಕೆ ರಜೆ ಕೊಡುವ ಕೆಲಸ

2023ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ವೃಂದಾ ದಿನೇಶ್ ಅವರನ್ನು ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಯುಪಿ ವಾರಿಯರ್ಸ್ ತಂಡವು 1.3 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಮೂಲಬೆಲೆ 10 ಲಕ್ಷ. ಭಾರತದ ಪರ ಅದುವರೆಗೆ ಒಂದೂ ಅಂತರರಾಷ್ಟ್ರೀಯ ಪಂದ್ಯವಾಡದೆ, ಕರ್ನಾಟಕ ತಂಡಕ್ಕೆ ಗಳಿಸಿದ ರನ್ನುಗಳ ಬಲದಿಂದಲೇ ಬಂದ ಬೆಲೆಯದು. ಸುದ್ದಿ ಓದಿ ಸಂತೋಷವಾಯಿತು. ಜೊತೆಗೇ ಪೀಣ್ಯದ ಸಮೀಪ ನಾನು ಪಾಠ ಹೇಳುತ್ತಿದ್ದ ಶಾಲೆಯ ಒಬ್ಬ ಹುಡುಗಿ ನೆನಪಾದಳು.

ತಂದೆ ಲೇತ್ ಕೆಲಸಗಾರ. ಶಾಲೆಗೆ ಮೈದಾನವೆಂಬುದಿರಲಿಲ್ಲ, ಕಾಂಪೌಂಡಿನ ಪಕ್ಕದ ಖಾಲಿ ನಿವೇಶನದಲ್ಲಿ, ಲಾರಿಗಳ ನಡುವೆ, ಎಡಗೈಯಲ್ಲಿ ಚೆಂಡು ತಿರುಗಿಸುತ್ತಿದ್ದಳು. ಗೋಡೆಯಾಚೆಗೆ ಹೋದ ಚೆಂಡು ವರ್ಕ್‌ಶಾಪಿನಿಂದ ಗ್ರೀಸು ಮೆತ್ತಿಕೊಂಡು ಹಿಂದಿರುಗುತ್ತಿತ್ತು. (ಆ ಚೆಂಡು ಇನ್ನೂ ಚೆನ್ನಾಗಿ ತಿರುಗುತ್ತದೆಂದು ಹುಡುಗರ ವಾದ!) ಕಾಲೇಜು ಸೇರಿದ ಮೇಲೆ ಎರಡು ಬಸ್ಸು ಬದಲಿಸಿ ಅಭ್ಯಾಸಕ್ಕೆ ಹೋಗುತ್ತಿದ್ದಳು. ಇಪ್ಪತ್ತರ ಹೊತ್ತಿಗೆ ಮನೆಗೆ ಸಂಬಳ ಬೇಕಾಯಿತು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಬಹಳ ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದ್ದಿಷ್ಟೆ: "ಆಟಕ್ಕೆ ರಜೆ ಕೊಡೋ ಕೆಲ್ಸ ಸಿಗ್ಲಿಲ್ಲ ಸಾರ್."

1976ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಪಂದ್ಯದ ನಾಯಕಿಯಾಗಿದ್ದ ಶಾಂತಾ ರಂಗಸ್ವಾಮಿಯವರಿಗೆ ಕೆನರಾ ಬ್ಯಾಂಕಿನ ಉದ್ಯೋಗವಿತ್ತು. ರೈಲ್ವೆ ಇಲಾಖೆ ಆಟಗಾರ್ತಿಯರಿಗೆ ನೌಕರಿ ಕೊಟ್ಟಿತು. ಆದ್ದರಿಂದಲೇ ವಿಜಯಪುರದ ರಾಜೇಶ್ವರಿ ಗಾಯಕವಾಡ್, ಕಡೂರಿನ ವೇದಾ ಕೃಷ್ಣಮೂರ್ತಿಯಂಥವರು ರೈಲ್ವೇಸ್ ಪರ ಆಡಿದರು. ದೇಶೀಯ ಪ್ರಶಸ್ತಿಗಳಲ್ಲಿ ಬಹುಪಾಲು ಆ ತಂಡಕ್ಕೇ ಹೋದದ್ದರಲ್ಲಿ ಆಶ್ಚರ್ಯವೇನು? 2022-23ರ ಏಕದಿನ ಟೂರ್ನಿಯ ಫೈನಲ್‌ನಲ್ಲಿ ವೃಂದಾ ಆಡಿದ ಕರ್ನಾಟಕ ಸೋತದ್ದೂ ರೈಲ್ವೇಸ್‌ಗೇ.

ಪಂದ್ಯದ ಸಂಭಾವನೆ ಏರಿದೆಯಲ್ಲ ಎನ್ನುವಿರಿ. ನಿಜ, ಹಿರಿಯ ಮಹಿಳೆಯರಿಗೆ ದಿನಕ್ಕೆ 12,500 ಇದ್ದದ್ದು 2021ರಲ್ಲಿ 20,000 ಆಯಿತು, 2025ರ ಡಿಸೆಂಬರಿನಲ್ಲಿ ಏಕದಿನ ಪಂದ್ಯಕ್ಕೆ 50,000ಕ್ಕೆ ಏರಿಸಿದರು. ಆದರೆ ಅದು ಹನ್ನೊಂದರಲ್ಲಿ ಆಡಿದ ದಿನದ ಲೆಕ್ಕ. ಪಂದ್ಯವಿಲ್ಲದ ತಿಂಗಳುಗಳಲ್ಲಿ ಬಾಡಿಗೆ ಕಟ್ಟುವವರಾರು? ಹರಾಜಾಗಿ ಮೂರು ತಿಂಗಳೊಳಗೆ, 2024ರ ಫೆಬ್ರುವರಿಯಲ್ಲಿ, ವೃಂದಾ ತಮ್ಮೂರಿನ ಚಿನ್ನಸ್ವಾಮಿ ಮೈದಾನದಲ್ಲೇ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟಾಗಿ ಉಳಿದ ಪಂದ್ಯಗಳಿಂದ ಹೊರಗುಳಿದರು. ಅವರಿಗೆ ಒಪ್ಪಂದವಾದರೂ ಇತ್ತು. ಹರಾಜಿನಲ್ಲಿ ಯಾರೂ ಕೂಗದ ಹುಡುಗಿಗೆ ಭುಜ ಜಾರಿದರೆ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಉದ್ಯೋಗಿಗಳ ವಾರಾಂತ್ಯದ ಆಟಕ್ಕೆ ಹುಲ್ಲುಹಾಸು ಬೆಳೆಸುವ ಸಂಸ್ಥೆಗಳು, ರಾಜ್ಯಕ್ಕೆ ಆಡುವ ಇಬ್ಬರು ಹೆಣ್ಣುಮಕ್ಕಳಿಗೆ ನೌಕರಿಯನ್ನೂ ರಜೆಯನ್ನೂ ಕೊಟ್ಟರೆ ಅವರ ಲಾಭಕ್ಕೇನು ಕುಂದಾಗದು. ಪೀಣ್ಯದ ಯಾವ ಮಾಲೀಕರಾದರೂ ಇದನ್ನು ಓದಿ ಮನಸ್ಸು ಮಾಡಿದರೆ ತಿಳಿಸಲಿ. ನೆಟ್ಸ್‌ನಿಂದ ನೇರವಾಗಿ ಸಂದರ್ಶನಕ್ಕೆ ಹುಡುಗಿಯರನ್ನು ಕರೆತರುವ ಕೆಲಸ ಈ ನಿವೃತ್ತ ಮೇಷ್ಟರದು.