ಧ್ಯಾನವೂ ಸಾಮಾಜಿಕ ನ್ಯಾಯವೂ

ಧ್ಯಾನವೆಂದೊಡನೆ ಸಾಮಾನ್ಯರ ಕಣ್ಣೆದುರು ನಿಲ್ಲುವ ಚಿತ್ರ ಒಂದೇ: ಲೋಕದ ಗೊಡವೆಯನ್ನು ತೊರೆದು, ಕಣ್ಣು ಮುಚ್ಚಿ, ಏಕಾಂತದಲ್ಲಿ ಕುಳಿತ ಸಂನ್ಯಾಸಿ. ನೆರೆಮನೆ ಹತ್ತಿ ಉರಿಯುತ್ತಿರುವಾಗ ತನ್ನ ಉಸಿರನ್ನು ತಾನು ಎಣಿಸುತ್ತ ಕುಳಿತವನಿಂದ ಸಮಾಜಕ್ಕೇನು ಪ್ರಯೋಜನವೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರವನ್ನು, ನಿಜವಾಗಿಯೂ ಮನೆಗಳು ಹತ್ತಿ ಉರಿದ ನಾಡೊಂದರಲ್ಲಿ ಹುಡುಕುವುದು ಲೇಸು. ಆ ನಾಡು ವಿಯೆಟ್ನಾಂ.

ಬುದ್ಧನು ಬೋಧಿಸಿದ ಅಷ್ಟಾಂಗ ಮಾರ್ಗದಲ್ಲಿ ಏಳನೆಯದು ಸಮ್ಯಕ್ ಸ್ಮೃತಿ. ಇಲ್ಲಿ ಸ್ಮೃತಿಯೆಂದರೆ ಹಿಂದಿನದರ ನೆನಪಷ್ಟೇ ಅಲ್ಲ. ದೇಹದಲ್ಲಿ, ಭಾವನೆಗಳಲ್ಲಿ, ಮನಸ್ಸಿನಲ್ಲಿ ಈ ಕ್ಷಣ ನಡೆಯುತ್ತಿರುವುದನ್ನು ಇದ್ದಂತೆಯೇ ಕಾಣುವ ಎಚ್ಚರ. ಉಸಿರಾಟವನ್ನು ಗಮನಿಸುವುದು ಈ ಎಚ್ಚರದ ಮೊದಲ ಪಾಠ. 1926ರಲ್ಲಿ ಜನಿಸಿದ ತಿಕ್ ನ್ಯಾತ್ ಹಾನ್ ಅವರು ತಮ್ಮ ಹದಿನಾರನೆಯ ವಯಸ್ಸಿನಲ್ಲಿ ವಿಯೆಟ್ನಾಮಿನ ಹ್ವೇ ನಗರದ ಬಳಿಯ ವಿಹಾರವೊಂದನ್ನು ಸೇರಿ ಈ ಪಾಠವನ್ನು ಕಲಿತರು.

ಮುಂದೆ ಆ ದೇಶ ಘೋರ ಯುದ್ಧಕ್ಕೆ ಸಿಕ್ಕಿತು. ವಿಹಾರದೊಳಗೆ ಧ್ಯಾನಮಗ್ನರಾಗಿರಬೇಕೆ, ಹೊರಬಂದು ನೊಂದವರಿಗೆ ನೆರವಾಗಬೇಕೆ ಎಂಬ ಪ್ರಶ್ನೆ ಭಿಕ್ಷುಗಳ ಮುಂದೆ ನಿಂತಿತು. ಎರಡನ್ನೂ ಒಟ್ಟಿಗೆ ಮಾಡಬೇಕೆಂಬುದು ಹಾನ್ ಅವರ ನಿರ್ಧಾರ. 1965ರಲ್ಲಿ ಅವರು ಮತ್ತು ಅವರ ಸಂಗಡಿಗರು ಸಮಾಜಸೇವೆಗಾಗಿ ತರುಣ ತರುಣಿಯರನ್ನು ತರಬೇತುಗೊಳಿಸುವ ಶಾಲೆಯೊಂದನ್ನು ಸ್ಥಾಪಿಸಿದರು. ಆ ಯುವಜನರು ಹಳ್ಳಿಗಳಿಗೆ ತೆರಳಿ ಮಕ್ಕಳಿಗೆ ವಿದ್ಯೆ ಕಲಿಸಿದರು, ರೋಗಿಗಳನ್ನು ಉಪಚರಿಸಿದರು, ಬಾಂಬುಗಳಿಂದ ನೆಲಸಮವಾದ ಮನೆಗಳನ್ನು ಮತ್ತೆ ಕಟ್ಟಿದರು. ಕಟ್ಟಿದ ಹಳ್ಳಿಯ ಮೇಲೆ ಪುನಃ ಬಾಂಬು ಬಿದ್ದಾಗ ಪುನಃ ಕಟ್ಟಿದರು. ಯಾವ ಪಕ್ಷವನ್ನೂ ಸೇರದ ಕಾರಣ ಅವರು ಎರಡು ಪಕ್ಷಗಳ ಸಂಶಯಕ್ಕೂ ಗುರಿಯಾದರು. 1967ರಲ್ಲಿ ಅವರಲ್ಲಿ ಕೆಲವರು ಕೊಲೆಗೀಡಾದರು.

ಇಂತಹ ಸ್ಥಿತಿಯಲ್ಲಿ ಹತಾಶೆಯಿಂದ ಕೈಚೆಲ್ಲುವುದು ಸುಲಭ. ದ್ವೇಷದಿಂದ ಕುರುಡಾಗುವುದು ಇನ್ನೂ ಸುಲಭ. ಅದನ್ನರಿತ ಹಾನ್ ಅವರು 1974ರಲ್ಲಿ ತಾವಿದ್ದ ಫ್ರಾನ್ಸಿನಿಂದ ಶಾಲೆಯ ಕಾರ್ಯಕರ್ತರಿಗೆಂದು ದೀರ್ಘವಾದ ಪತ್ರವೊಂದನ್ನು ಬರೆದರು. ನಡೆಯುವಾಗ, ಪಾತ್ರೆ ತೊಳೆಯುವಾಗ, ಇನ್ನೊಬ್ಬರ ಮಾತು ಕೇಳುವಾಗ ಎಚ್ಚರವನ್ನು ಉಳಿಸಿಕೊಳ್ಳುವ ಬಗೆಯನ್ನು ಅದರಲ್ಲಿ ವಿವರಿಸಿದರು. ಮುಂದೆ ಅದು ‘ದಿ ಮಿರಕಲ್ ಆಫ್ ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಇಂದು ಅನೇಕರು ಮನಶ್ಶಾಂತಿಗಾಗಿ ಓದುವ ಈ ಗ್ರಂಥ ಹುಟ್ಟಿದ್ದು ಯುದ್ಧದ ನಡುವೆ ದುಡಿದು ದಣಿದವರಿಗಾಗಿ ಎಂಬುದು ಗಮನಾರ್ಹ.

ಎಚ್ಚರವು ಅನ್ಯಾಯದ ಎದುರು ಮೌನವಾಗಿರುವಂಥದಲ್ಲ. 1966ರಲ್ಲಿ ಹಾನ್ ಅವರು ಅಮೆರಿಕೆಗೆ ಹೋಗಿ, ಯುದ್ಧವನ್ನು ನಿಲ್ಲಿಸಿರೆಂದು ಆ ದೇಶದ ಜನರನ್ನೇ ಬೇಡಿದರು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಷಿಕಾಗೋದಲ್ಲಿ ಕಂಡರು. ಮರುವರ್ಷ ಕಿಂಗ್ ಅವರು ಹಾನ್ ಅವರ ಹೆಸರನ್ನು ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿಸಿದರಲ್ಲದೆ, ಏಪ್ರಿಲ್ 4ರಂದು ನ್ಯೂಯಾರ್ಕಿನ ಚರ್ಚೊಂದರಲ್ಲಿ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದರು. ಶಾಂತಿಯ ಮಾತಿಗೆ ಹಾನ್ ಅವರು ತೆತ್ತ ಬೆಲೆ ದೊಡ್ಡದು. 2005ರವರೆಗೆ ತಾಯ್ನಾಡಿಗೆ ಮರಳಲು ಅವರಿಗೆ ಅವಕಾಶ ದೊರೆಯಲಿಲ್ಲ. 2022ರಲ್ಲಿ, ತಾವು ಬಾಲಕನಾಗಿ ಸೇರಿದ್ದ ವಿಹಾರದಲ್ಲಿಯೇ ಅವರು ಕೊನೆಯುಸಿರೆಳೆದರು.

ಧ್ಯಾನದಿಂದ ಬಾಂಬುಗಳು ನಿಲ್ಲಲಿಲ್ಲವೆಂಬುದು ದಿಟ. ಕೇವಲ ಧ್ಯಾನದಿಂದ ನ್ಯಾಯ ದೊರೆಯುತ್ತದೆಂದು ಹೇಳುವುದು ಆತ್ಮವಂಚನೆಯಾದೀತು. ಇಂದು ಕೆಲವು ಉದ್ಯಮಗಳಲ್ಲಿ ದುಡಿಮೆಗಾರರ ದಣಿವನ್ನು ಕಳೆಯಲೆಂದು ಧ್ಯಾನವನ್ನು ಕಲಿಸುವುದುಂಟು. ದುಡಿಮೆಯ ಹೊರೆಯೇ ಅನ್ಯಾಯವಾಗಿರುವಲ್ಲಿ, ಹೊರೆಯನ್ನು ಇಳಿಸದೆ ಹೊರುವವನಿಗೆ ಶಾಂತಿಯನ್ನು ಬೋಧಿಸುವುದು ಯಾವ ಧರ್ಮ? ಬುದ್ಧನ ಮಾರ್ಗದಲ್ಲಿ ಸಮ್ಯಕ್ ಸ್ಮೃತಿಯ ಜೊತೆಗೆ ಸಮ್ಯಕ್ ವಾಕ್ಕು, ಸಮ್ಯಕ್ ಕರ್ಮ, ಸಮ್ಯಕ್ ಆಜೀವಗಳೂ ಇವೆ. ಇವುಗಳಿಂದ ಬೇರ್ಪಟ್ಟ ಧ್ಯಾನ ಬರಿಯ ನೋವುನಿವಾರಕ ಗುಳಿಗೆ.

ಹಾಗೆಯೇ, ಎಚ್ಚರ ತಪ್ಪಿದ ಹೋರಾಟವೂ ಅಪಾಯಕಾರಿ. ಕ್ರೋಧಕ್ಕೆ ವಶನಾದವನು ಅನ್ಯಾಯವನ್ನು ಬಿಟ್ಟು ಮನುಷ್ಯನನ್ನೇ ದ್ವೇಷಿಸತೊಡಗುತ್ತಾನೆ. ತಾನು ಅಳಿಸಹೊರಟ ಕ್ರೌರ್ಯವನ್ನು ತಾನೇ ಎಸಗುತ್ತಾನೆ. ಬಿದ್ದ ಹಳ್ಳಿಯನ್ನು ಮತ್ತೆ ಮತ್ತೆ ಕಟ್ಟಿದ ಆ ಯುವಜನರಿಗೆ ಬೇಕಾಗಿದ್ದುದು ತಾಳ್ಮೆ, ಸ್ಪಷ್ಟ ದೃಷ್ಟಿ, ದ್ವೇಷವಿಲ್ಲದ ಮನಸ್ಸು. ಅದನ್ನು ಅವರು ಉಸಿರಿನ ಎಚ್ಚರದಲ್ಲಿ ಅರಸಿದರು. ನೆರೆಮನೆಯ ಬೆಂಕಿಯನ್ನು ಆರಿಸಲು ಓಡುವವನಿಗೂ ಸ್ಥಿರವಾದ ಕೈ ಬೇಕು.