ಹಾಡಿನ ಹಣದ ಭಾಗಾಕಾರ

ಗ್ರಾಮಫೋನ್ ಪ್ಲೇಟುಗಳ ಕಾಲದಲ್ಲಿ ಸಂಗೀತಪ್ರಿಯನು ಅಂಗಡಿಗೆ ಹೋಗಿ, ತನಗೆ ಮೆಚ್ಚುಗೆಯಾದ ವಿದ್ವಾಂಸರ ಪ್ಲೇಟನ್ನು ಆರಿಸಿ, ಬೆಲೆ ತೆತ್ತು ಮನೆಗೆ ತರುತ್ತಿದ್ದನು. ಆ ಬೆಲೆಯಲ್ಲಿ ಕಲಾವಿದನ ಕೈಸೇರುತ್ತಿದ್ದುದು ಅಲ್ಪವೇ ಇರಬಹುದು. ಒಂದೇ ಬಾರಿ ಸಂಭಾವನೆ ಕೊಟ್ಟು ಕಳುಹಿಸಿಬಿಡುವ ಪದ್ಧತಿಯೂ ಇದ್ದಿತು. ಆದರೂ ವೀಣೆಯ ಪ್ಲೇಟಿಗೆ ಕೊಟ್ಟ ಹಣವು ವೀಣೆಯ ಲೆಕ್ಕಕ್ಕೇ ಜಮೆಯಾಗುತ್ತಿದ್ದಿತು ಎಂಬುದು ನಿಶ್ಚಯ. ಇಂದು ಆ ನಿಶ್ಚಯವಿಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಿಸಿದರೆ, ತೊಡಕಿನ ಮೂಲವು ಯಂತ್ರದಲ್ಲಿಲ್ಲ, ಪ್ರಾಥಮಿಕ ಶಾಲೆಯ ಒಂದು ಭಾಗಾಕಾರದಲ್ಲಿದೆ ಎಂಬುದು ಕಂಡುಬರುತ್ತದೆ.

ಈಗ ಹಾಡುಗಳನ್ನು ಕೊಳ್ಳುವವರು ವಿರಳ. ಚಂದಾ ಕೊಟ್ಟು ಅಂತರ್ಜಾಲದ ಮೂಲಕ ಕೇಳುವವರೇ ಬಹಳ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ 2006ರಲ್ಲಿ ಹುಟ್ಟಿದ ಸ್ಪಾಟಿಫೈ ಸಂಸ್ಥೆಯು 2008ರಲ್ಲಿ ತನ್ನ ಸೇವೆಯನ್ನು ತೆರೆಯಿತು. 2011ರಲ್ಲಿ ಅಮೆರಿಕಕ್ಕೂ 2019ರಲ್ಲಿ ಭಾರತಕ್ಕೂ ಬಂದಿತು. ಆಪಲ್ ಸಂಸ್ಥೆಯ ಸಂಗೀತ ಸೇವೆ 2015ರಲ್ಲಿ ಪ್ರಾರಂಭವಾಯಿತು. 2023ರಲ್ಲಿ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯವು ಸುಮಾರು 2,860 ಕೋಟಿ ಡಾಲರುಗಳಷ್ಟಿದ್ದು, ಅದರ ಮೂರರಲ್ಲಿ ಎರಡು ಪಾಲು ಇಂಥ ಸ್ಟ್ರೀಮಿಂಗ್ ಸೇವೆಗಳಿಂದಲೇ ಬಂದಿತು.

ಈ ಹಣ ಹಂಚಿಕೆಯಾಗುವ ಬಗೆಯನ್ನು ನೋಡೋಣ. ಸಂಸ್ಥೆಯು ತನಗೆ ಬಂದ ಚಂದಾ ಮತ್ತು ಜಾಹೀರಾತಿನ ಹಣದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹಾಡಿನ ಹಕ್ಕುದಾರರಿಗಾಗಿ ಒಂದು ರಾಶಿಯಾಗಿ ತೆಗೆದಿಡುತ್ತದೆ. ಯಾರಾದರೂ ಒಂದು ಹಾಡನ್ನು ಕನಿಷ್ಠ 30 ಸೆಕೆಂಡು ಕೇಳಿದರೆ ಅದು ಒಂದು ಎಣಿಕೆಯೆನಿಸುತ್ತದೆ. ಇದನ್ನು ಒಂದು ‘ಶ್ರವಣ’ವೆಂದು ಕರೆಯೋಣ. ಎಲ್ಲ ಶ್ರವಣಗಳ ಮೊತ್ತದಿಂದ ಆ ರಾಶಿಯನ್ನು ಭಾಗಿಸಿ, ಯಾವ ಹಾಡಿಗೆ ಎಷ್ಟು ಶ್ರವಣಗಳೋ ಅಷ್ಟು ಪಾಲನ್ನು ಧ್ವನಿಮುದ್ರಣ ಸಂಸ್ಥೆಗೂ ಪ್ರಕಾಶಕರಿಗೂ ಸಲ್ಲಿಸಲಾಗುತ್ತದೆ. ಅವರವರ ಕರಾರಿನಂತೆ ಉಳಿದುದು ಕಲಾವಿದನಿಗೆ ತಲಪುತ್ತದೆ.

ಆದುದರಿಂದ ‘ಒಂದು ಶ್ರವಣಕ್ಕೆ ಇಂತಿಷ್ಟು’ ಎಂದು ಪತ್ರಿಕೆಗಳಲ್ಲಿ ಕಾಣುವ ಅಂಕಿಯು ಬೆಲೆಯಲ್ಲ. ಅದು ಕೇವಲ ಭಾಗಲಬ್ಧ. ಆಪಲ್ ಸಂಸ್ಥೆಯು 2021ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ, ತನ್ನ ಸೇವೆಯಲ್ಲಿ ಒಂದು ಶ್ರವಣಕ್ಕೆ ಸರಾಸರಿ ಒಂದು ಸೆಂಟು ಸಲ್ಲುತ್ತದೆಂದು ತಿಳಿಸಿತು. ಸ್ಪಾಟಿಫೈ ಸೇವೆಯಲ್ಲಿ ಸರಾಸರಿಯು ಇದಕ್ಕಿಂತ ಕಡಿಮೆ. ಇದರಿಂದ ಒಬ್ಬರು ಉದಾರಿಗಳು, ಇನ್ನೊಬ್ಬರು ಕೃಪಣರು ಎಂದು ತೀರ್ಮಾನಿಸುವುದು ಆತುರದ ಮಾತು. ಸ್ಪಾಟಿಫೈ ಸೇವೆಯಲ್ಲಿ ಚಂದಾ ಕೊಡದೆ ಜಾಹೀರಾತಿನೊಡನೆ ಕೇಳುವವರೂ ಕೋಟಿಗಟ್ಟಲೆ ಇದ್ದಾರೆ. ಅವರಿಂದ ಭಾಜಕವು ಬೆಳೆಯುತ್ತದೆ, ಭಾಜ್ಯವು ಅಷ್ಟಾಗಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ ಸ್ಪಾಟಿಫೈ ಚಂದಾದ ಮೂಲ ದರವು 2011ರಿಂದ 2023ರ ವರೆಗೆ ತಿಂಗಳಿಗೆ 9.99 ಡಾಲರುಗಳಲ್ಲೇ ನಿಂತಿದ್ದಿತು. ಚಂದಾದಾರರ ಸಂಖ್ಯೆ ಹೆಚ್ಚದೆ, ಇದ್ದವರೇ ಎರಡರಷ್ಟು ಕಾಲ ಕೇಳಿದರೆ, ಪ್ರತಿ ಶ್ರವಣದ ಪಾಲು ಅರ್ಧಕ್ಕಿಳಿಯುತ್ತದೆ. ಈ ಸೇವೆಗಳ ಹಾಡಿನ ಭಂಡಾರ ಬಹುಮಟ್ಟಿಗೆ ಒಂದೇ. ಹಂಚುವ ರೀತಿಯೂ ಬಹುಮಟ್ಟಿಗೆ ಒಂದೇ. ಕಲಾವಿದನ ದೃಷ್ಟಿಯಿಂದ ಅವುಗಳ ಪೈಪೋಟಿಯು ಹೊರಗಿನ ಗದ್ದಲವೆಂದರೆ ತಪ್ಪಾಗಲಾರದು.

ಈಗ ಒಂದು ಲೆಕ್ಕ ಮಾಡೋಣ. ಒಂದು ಸೇವೆಗೆ ಇಬ್ಬರೇ ಚಂದಾದಾರರು ಇದ್ದಾರೆಂದೂ, ತಲೆಗೆ 100 ರೂಪಾಯಿ ಕೊಡುವರೆಂದೂ, ಅದರಲ್ಲಿ 70 ರೂಪಾಯಿ ಹಂಚಿಕೆಗೆ ಸಲ್ಲುವುದೆಂದೂ ಭಾವಿಸಿರಿ. ಮೊದಲನೆಯವನು ತಿಂಗಳಲ್ಲಿ 10 ಸಲ ವೀಣಾವಾದನವನ್ನು ಮಾತ್ರ ಕೇಳುತ್ತಾನೆ. ಎರಡನೆಯವನು ಚಲನಚಿತ್ರ ಗೀತೆಗಳನ್ನು 990 ಸಲ ಕೇಳುತ್ತಾನೆ. ರಾಶಿ 140 ರೂಪಾಯಿ, ಶ್ರವಣಗಳು 1,000. ಒಂದಕ್ಕೆ 14 ಪೈಸೆ. ವೀಣೆಗೆ ಸಲ್ಲುವುದು 1 ರೂಪಾಯಿ 40 ಪೈಸೆ. ವೀಣೆಯನ್ನಲ್ಲದೆ ಬೇರೇನನ್ನೂ ಕೇಳದವನ 70 ರೂಪಾಯಿಯಲ್ಲಿ 68 ರೂಪಾಯಿ 60 ಪೈಸೆ, ಅವನು ಒಮ್ಮೆಯೂ ಕೇಳದ ಹಾಡುಗಳಿಗೆ ಹೋಯಿತು! ಇಲ್ಲಿ ಯಾರೂ ಕಳವು ಮಾಡಲಿಲ್ಲ. ಆದರೂ ಅವನು ಯಾರಿಗೆಂದು ಕೊಟ್ಟನೋ ಅವರಿಗೆ ಹಣ ಮುಟ್ಟಲಿಲ್ಲ.

ಕಳವಿಗೂ ಈ ಭಾಗಾಕಾರವು ಬಾಗಿಲು ತೆರೆದಿಡುತ್ತದೆ. ಕೃತಕ ಬುದ್ಧಿಯಿಂದ ಲಕ್ಷಗಟ್ಟಲೆ ಹಾಡುಗಳನ್ನು ತಯಾರಿಸಿ, ಸಾವಿರಾರು ಸುಳ್ಳು ಖಾತೆಗಳ ಮೂಲಕ ಯಂತ್ರಗಳಿಂದಲೇ ಅವನ್ನು ‘ಕೇಳಿಸಿ’, ಒಂದು ಕೋಟಿ ಡಾಲರಿಗೂ ಮೇಲ್ಪಟ್ಟು ರಾಯಲ್ಟಿ ಪಡೆದನೆಂದು 2024ರಲ್ಲಿ ಅಮೆರಿಕದ ಸರ್ಕಾರಿ ವಕೀಲರು ಒಬ್ಬನ ಮೇಲೆ ಆರೋಪ ಹೊರಿಸಿದರು. ಹೀಗೆ ಸುಳ್ಳು ಶ್ರವಣಗಳಿಗೆ ಹೋಗುವ ಹಣವು ನಿಜವಾದ ಕಲಾವಿದರ ರಾಶಿಯಿಂದಲೇ ಹೋಗತಕ್ಕದ್ದು.

ಇದಕ್ಕೆ ಬದಲಾಗಿ ಇನ್ನೊಂದು ಭಾಗಾಕಾರವುಂಟು. ಎಲ್ಲರ ಹಣವನ್ನು ಒಂದೇ ರಾಶಿ ಮಾಡದೆ, ಒಬ್ಬೊಬ್ಬ ಚಂದಾದಾರನ 70 ರೂಪಾಯಿಯನ್ನು ಅವನು ಕೇಳಿದ ಹಾಡುಗಳಲ್ಲಿಯೇ ಹಂಚುವುದು. ಆಗ ವೀಣೆಗೆ 70 ರೂಪಾಯಿ, ಚಿತ್ರಗೀತೆಗೆ 70 ರೂಪಾಯಿ. ಸುಳ್ಳು ಖಾತೆಗೂ ತಾನು ತೆತ್ತ ಹಣದ ಭಾಗವಷ್ಟೇ ಹಿಂದಿರುಗುತ್ತದೆ. ನೂರು ಕೊಟ್ಟು ಎಪ್ಪತ್ತು ಪಡೆಯುವ ವ್ಯಾಪಾರಕ್ಕೆ ಕಳ್ಳನೂ ಇಳಿಯಲಾರನು. ಇದು ಬರಿಯ ಕಲ್ಪನೆಯಲ್ಲ. ಸೌಂಡ್‌ಕ್ಲೌಡ್ ಸಂಸ್ಥೆಯು 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಇಂಥ ಪದ್ಧತಿಯನ್ನು ಜಾರಿಗೆ ತಂದಿತು. ಬೇರೆ ಸಂಸ್ಥೆಗಳು ಹಿಡಿದ ದಾರಿ ಬೇರೆ. ಹಿಂದಿನ 12 ತಿಂಗಳಲ್ಲಿ 1,000 ಶ್ರವಣಗಳನ್ನು ಮುಟ್ಟದ ಧ್ವನಿಮುದ್ರಣಕ್ಕೆ ಪಾಲಿಲ್ಲವೆಂದು 2024ರಿಂದ ಸ್ಪಾಟಿಫೈ ನಿಯಮ ಮಾಡಿತು. ಬಡವನ ಬೊಗಸೆಯಲ್ಲಿದ್ದ ಚಿಲ್ಲರೆಯನ್ನು ಒಟ್ಟುಗೂಡಿಸಿ ಉಳಿದವರಿಗೆ ಹಂಚುವುದನ್ನು ಸುಧಾರಣೆಯೆಂದು ಕರೆಯಲು ನನಗೆ ಮನಸ್ಸೊಪ್ಪದು.

ಪ್ರತಿವಾದಿಗಳ ಮಾತನ್ನೂ ಕೇಳಬೇಕು. ಸಾವಿರ ಸಲ ಕೇಳಿಸಿಕೊಂಡ ಹಾಡಿಗೆ ಹತ್ತು ಸಲದ ಹಾಡಿಗಿಂತ ಹೆಚ್ಚು ಸಲ್ಲುವುದು ನ್ಯಾಯವೇ ಎಂದು ಅವರು ವಾದಿಸುತ್ತಾರೆ. ಫ್ರಾನ್ಸಿನ ರಾಷ್ಟ್ರೀಯ ಸಂಗೀತ ಕೇಂದ್ರವು 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊಸ ಪದ್ಧತಿಯಿಂದ ಅತ್ಯಂತ ಜನಪ್ರಿಯರ ಪಾಲು ತಗ್ಗಿ ಶಾಸ್ತ್ರೀಯ ಸಂಗೀತದಂಥವುಗಳ ಪಾಲು ಏರುವುದಾದರೂ, ತೀರ ಸಣ್ಣ ಕಲಾವಿದರಿಗೆ ವರ್ಷಕ್ಕೆ ಕೆಲವೇ ಯೂರೋಗಳ ಲಾಭವೆಂದು ತೋರಿಸಿತು. ಇದನ್ನು ಒಪ್ಪಬೇಕು. ಹತ್ತೇ ಜನ ಕೇಳುವ ಹಾಡುಗಾರನನ್ನು ಯಾವ ಗಣಿತವೂ ಸಿರಿವಂತನನ್ನಾಗಿ ಮಾಡಲಾರದು. ಆದರೆ ಹಣ ಕೆಲವೇ ಯೂರೋಗಳಾದರೂ ಅದು ಯಾರಿಗೆ ಸೇರಬೇಕೆಂಬ ಪ್ರಶ್ನೆ ಚಿಕ್ಕದಾಗುವುದಿಲ್ಲ.

ನಮ್ಮ ದೇಶದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿಯು, ಚಲನಚಿತ್ರಕ್ಕೆ ಹಾಡು ಬರೆದವರೂ ರಾಗಸಂಯೋಜಕರೂ ತಮ್ಮ ರಾಯಲ್ಟಿಯ ಸಮಪಾಲನ್ನು ಸಹಿ ಮಾಡಿ ಬಿಟ್ಟುಕೊಡಲಾಗದಂತೆ ರಕ್ಷಣೆ ಕೊಟ್ಟಿತು. ಅದು ಕರಾರಿನ ನ್ಯಾಯ. ಭಾಗಾಕಾರದ ನ್ಯಾಯ ಇನ್ನೂ ಬರಬೇಕಾಗಿದೆ. ಅದಕ್ಕೆ ಮೊದಲ ಹೆಜ್ಜೆಯಾಗಿ, ತಿಂಗಳ ಕೊನೆಯಲ್ಲಿ ಪ್ರತಿ ಚಂದಾದಾರನಿಗೂ ಅವನ ಹಣ ಯಾರು ಯಾರಿಗೆ ಎಷ್ಟೆಷ್ಟು ಸಂದಿತೆಂಬ ಪಟ್ಟಿಯನ್ನು ಸಂಸ್ಥೆಗಳು ಕಳುಹಿಸಲಿ. ನಾವು ಕೇಳಿದ ಪ್ರತಿಯೊಂದು ಹಾಡನ್ನೂ ಕ್ಷಣಗಳ ಸಹಿತ ಎಣಿಸಬಲ್ಲ ಗಣಕಯಂತ್ರಕ್ಕೆ ಇದು ಅಸಾಧ್ಯವಾದ ಕೆಲಸವೇನಲ್ಲ. ಕಿವಿ ಎತ್ತ ಹೋಯಿತೋ ಕಾಸೂ ಅತ್ತ ಹೋಗಲಿ ಎಂಬುದಷ್ಟೇ ನಮ್ಮ ಬೇಡಿಕೆ.