ರಾಜಹಂಸದ ಪಾಠಾಂತರಗಳು

ಚಳಿ ಕಳೆಯುವ ಹೊತ್ತಿಗೆ ಐರೋಲಿಯ ದೋಣಿಕಟ್ಟೆಯಲ್ಲಿ ಭಾನುವಾರ ಬೆಳಗ್ಗೆ ಉದ್ದ ಲೆನ್ಸುಗಳದ್ದೇ ಸಾಲು. ಡೊಂಬಿವಲಿ, ಕಲ್ಯಾಣದ ಕಡೆಯವರು ಮೊದಲ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಬಂದಿರುತ್ತಾರೆ. ಉಬ್ಬರ-ಇಳಿತದ ಲೆಕ್ಕ ನೋಡಿ ದೋಣಿ ಹೊರಡುತ್ತದೆ. ಥಾಣೆ ಖಾರಿಯ ಕೆಸರಿನಲ್ಲಿ ತಲೆ ಬಗ್ಗಿಸಿ ನಿಂತ ಫ್ಲೆಮಿಂಗೋಗಳನ್ನು ಒಬ್ಬೊಬ್ಬರೂ ನೂರಾರು ಸಲ ಕ್ಲಿಕ್ಕಿಸಿ ಮಧ್ಯಾಹ್ನದೊಳಗೆ ಮನೆ ಸೇರುತ್ತಾರೆ. ಸಂಜೆಯ ಹೊತ್ತಿಗೆ ಅದೇ ಹಕ್ಕಿ ಮೂರು ಬಣ್ಣಗಳಲ್ಲಿ ಮೊಬೈಲಿಂದ ಮೊಬೈಲಿಗೆ ಹಾರುತ್ತಿರುತ್ತದೆ. ಒಂದರಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣ, ಇನ್ನೊಂದರಲ್ಲಿ ದಾಸವಾಳ, ಮತ್ತೊಂದರಲ್ಲಿ ಹೆಚ್ಚುಕಡಿಮೆ ಬಿಳಿ.

ಬಣ್ಣ ಈ ಹಕ್ಕಿಗೆ ಬರೀ ಅಲಂಕಾರವಲ್ಲ, ಅದರ ಹೆಸರೇ ಬಣ್ಣ. ಮರಾಠಿಯಲ್ಲಿ ಇದಕ್ಕೆ ರೋಹಿತ ಎನ್ನುತ್ತಾರೆ, ಅಗ್ನಿಪಂಖ ಎಂದೂ ಕರೆಯುತ್ತಾರೆ. ಕನ್ನಡದ ರಾಜಹಂಸದಲ್ಲಿ ಮಾತ್ರ ಬಣ್ಣವಿಲ್ಲ, ಗತ್ತಷ್ಟೇ ಇದೆ. ತಿನ್ನುವ ಪಾಚಿ, ಸೀಗಡಿಗಳಲ್ಲಿರುವ ಕೆರೋಟಿನಾಯ್ಡ್‌ಗಳಿಂದ ಗುಲಾಬಿ ಬಣ್ಣ ರೆಕ್ಕೆಗೆ ಇಳಿಯುತ್ತದೆ. ಮರಿಗಳು ಬೂದುಬಣ್ಣದವು, ಪೂರ್ತಿ ಬಣ್ಣ ಬರಲು ವರ್ಷಗಳೇ ಬೇಕು. ದೊಡ್ಡ ಜಾತಿ ತೆಳು, ಸಣ್ಣ ಜಾತಿ ಗಾಢ. ಅಂದರೆ ಹಕ್ಕಿಯ ವಯಸ್ಸು, ಊಟ, ಜಾತಿ ಎಲ್ಲವನ್ನೂ ಆ ಗುಲಾಬಿಯಿಂದ ಓದಬಹುದು. ಸ್ಯಾಚುರೇಶನ್ ಗುಂಡಿಯನ್ನು ಒಂದಿಷ್ಟು ಬಲಕ್ಕೆ ಎಳೆದರೆ ಆ ಓದು ಅಳಿಸಿಹೋಗುತ್ತದೆ.

ಹಾಗೆಂದು ಎಡಿಟ್ ಮಾಡುವುದು ತಪ್ಪು ಎಂದು ಹೊರಟರೆ ಅದು ಮಡಿವಂತಿಕೆ. ರಾ ಫೈಲ್ ಎಂಬುದು ಕುಚ್ಚಲು ಬಾಕಿಯಿರುವ ಅಕ್ಕಿ. ಯಾರೋ ಒಬ್ಬರು, ಇಲ್ಲವೇ ಕ್ಯಾಮೆರಾದೊಳಗಿನ ಪ್ರೋಗ್ರಾಮು, ಅದನ್ನು ಬೇಯಿಸಲೇಬೇಕು. ಒಂದೇ ಚಿತ್ರವನ್ನು ನಾಲ್ಕು ಬಗೆಯಾಗಿ ಬೇಯಿಸಿ ನೋಡುವುದಕ್ಕೆ ಇಂದಿನ ಸಾಫ್ಟ್‌ವೇರುಗಳಲ್ಲಿ ಒಳ್ಳೆಯ ಏರ್ಪಾಡಿದೆ. ಲೈಟ್‌ರೂಮ್‌ನಲ್ಲಿ ಅದು ವರ್ಚುವಲ್ ಕಾಪಿ, ಡಾರ್ಕ್‌ಟೇಬಲ್‌ನಲ್ಲಿ ಡುಪ್ಲಿಕೇಟ್, ಕ್ಯಾಪ್ಚರ್ ಒನ್‌ನಲ್ಲಿ ವೇರಿಯಂಟ್. ಮೂಲ ಫೈಲನ್ನು ಯಾವುದೂ ಮುಟ್ಟುವುದಿಲ್ಲ. ಎಷ್ಟು ಕತ್ತರಿಸಬೇಕು, ನೆರಳನ್ನು ಎಷ್ಟು ಎತ್ತಬೇಕು ಎಂಬ ಸೂಚನೆಗಳನ್ನಷ್ಟೇ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ಮೂಲ ಇಪ್ಪತ್ತು-ಮೂವತ್ತು ಎಂಬಿ ತೂಗಿದರೆ ಸೂಚನೆ ಕೆಲವು ಕೆಬಿ ಮಾತ್ರ.

ವೇರಿಯಂಟ್ ಎಂಬ ಮಾತಿಗೆ ಕನ್ನಡದಲ್ಲಿ ಹಳೆಯ ಶಬ್ದವಿದೆ: ಪಾಠಾಂತರ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಎಂಎ ತರಗತಿಗಾಗಿ ಓದಿದವರಿಗೆ ಈ ಇಡೀ ಪೇಚಾಟ ಪರಿಚಿತವೇ. ಲಿಪಿಕಾರ ತಪ್ಪು ಬರೆದ, ಇನ್ನೊಬ್ಬ ಅದನ್ನು ತಿದ್ದಲು ಹೋಗಿ ಸರಿಯಿದ್ದುದನ್ನೂ ಕೆಡಿಸಿದ, ಮೂರನೆಯವನು ಇಬ್ಬರನ್ನೂ ಬೆರೆಸಿದ. ಹಾಗೆಂದು ಸಂಪಾದಕರು ಯಾವ ಪ್ರತಿಯನ್ನೂ ಒಲೆಗೆ ಹಾಕುವುದಿಲ್ಲ, ಯಾವುದು ಯಾವುದರಿಂದ ಹುಟ್ಟಿತು ಎಂಬ ವಂಶವೃಕ್ಷ ಬರೆಯುತ್ತಾರೆ. ಮಹಾರಾಷ್ಟ್ರದ ನೆಲದಲ್ಲೇ ಇದರ ಮಹಾ ಉದಾಹರಣೆಯಿದೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಸಂಶೋಧಿತ ಆವೃತ್ತಿ ಮುಗಿದದ್ದು 1966ರಲ್ಲಿ. ವಿ.ಎಸ್. ಸುಖ್‌ಠಣ್‌ಕರ್ ಅದಕ್ಕೆ ಜೀವ ತೇಯ್ದು, ಕೆಲಸ ಮುಗಿಯುವುದನ್ನು ನೋಡದೆ 1943ರಲ್ಲಿ ತೀರಿಕೊಂಡರು. ಆ ಸಂಪುಟಗಳ ಯಾವ ಪುಟ ತೆರೆದರೂ ಮೇಲೆ ಒಪ್ಪಿದ ಪಾಠ, ಕೆಳಗೆ ಬಿಟ್ಟ ಪಾಠಗಳು, ಪ್ರತಿಯೊಂದರ ಮುಂದೆಯೂ ಅದು ಬಂದ ಹಸ್ತಪ್ರತಿಯ ಗುರುತು. ಬಿಟ್ಟದ್ದನ್ನೂ ಓದುಗನ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದರಿಂದಲೇ ಒಪ್ಪಿದ್ದರ ಮೇಲೆ ನಂಬಿಕೆ ಹುಟ್ಟಿತು.

ಫೋಟೋದ ವಿಷಯದಲ್ಲಿ ತಪ್ಪುತ್ತಿರುವುದು ಇದೇ. ಆವೃತ್ತಿಗಳು ಹೆಚ್ಚಾಗಿರುವುದು ತೊಂದರೆಯಲ್ಲ, ಅವುಗಳ ವಂಶವೃಕ್ಷ ಕಳೆದುಹೋಗುತ್ತಿರುವುದು ತೊಂದರೆ. ಸಾಫ್ಟ್‌ವೇರಿನೊಳಗೆ ಇರುವಷ್ಟು ಹೊತ್ತು ಎಲ್ಲ ನೆಂಟಸ್ತಿಕೆಯೂ ನೆಟ್ಟಗಿರುತ್ತದೆ. ಜೆಪೆಗ್ ಆಗಿ ಹೊರಬಿದ್ದ ಕೂಡಲೇ ಮಗ ಯಾರು, ಮೊಮ್ಮಗ ಯಾರು ಗೊತ್ತಾಗುವುದಿಲ್ಲ. ವಾಟ್ಸ್ಯಾಪ್‌ನಲ್ಲಿ ಫೋಟೋವಾಗಿ ಕಳಿಸಿದರಂತೂ ಕುಗ್ಗಿ, ತೆಗೆದ ದಿನಾಂಕ, ಕ್ಯಾಮೆರಾ ವಿವರಗಳೂ ಉದುರಿ, ಅನಾಥವಾಗಿ ತಲುಪುತ್ತದೆ.

ಸಾಫ್ಟ್‌ವೇರಿನೊಳಗೂ ಎಲ್ಲ ಕ್ಷೇಮವೆಂದಲ್ಲ. ಲೈಟ್‌ರೂಮ್ ಕ್ಲಾಸಿಕ್‌ನ ವರ್ಚುವಲ್ ಕಾಪಿಗಳು ಅದರ ಕ್ಯಾಟಲಾಗಿನಲ್ಲಿ ಮಾತ್ರ ಬದುಕಿರುತ್ತವೆ. ಚಿತ್ರದ ಪಕ್ಕದಲ್ಲಿ ಕೂರುವ ಎಕ್ಸ್‌ಎಂಪಿ ಫೈಲಿಗೆ ಅವು ಇಳಿಯುವುದಿಲ್ಲ. ಫೋಲ್ಡರನ್ನಷ್ಟೇ ಹೊಸ ಡಿಸ್ಕಿಗೆ ಎತ್ತಿಕೊಂಡು ಕ್ಯಾಟಲಾಗ್ ಮರೆತವರು ವರ್ಷಗಳ ಪಾಠಾಂತರಗಳನ್ನು ಒಂದೇ ಏಟಿಗೆ ಕಳೆದುಕೊಳ್ಳುತ್ತಾರೆ. ಅದೇ ಸಾಫ್ಟ್‌ವೇರಿನ ಸ್ನ್ಯಾಪ್‌ಶಾಟ್‌ಗಳು ಎಕ್ಸ್‌ಎಂಪಿಗೆ ಇಳಿಯುತ್ತವೆ, ಆದರೆ ಅದನ್ನು ಬಳಸುವವರು ಕಡಿಮೆ. ಕಾಸು ಕೇಳದ ಡಾರ್ಕ್‌ಟೇಬಲ್ ಇಲ್ಲಿ ಹೆಚ್ಚು ಜಾಣ: ಪ್ರತಿ ಡುಪ್ಲಿಕೇಟಿಗೂ 01, 02 ಎಂದು ಅಂಕಿ ಹಚ್ಚಿದ ಬೇರೆಯದೇ ಪುಟ್ಟ ಫೈಲನ್ನು ಮೂಲದ ಪಕ್ಕದಲ್ಲೇ ಇಟ್ಟುಬಿಡುತ್ತದೆ.

ಮದುವೆ ಸ್ಟುಡಿಯೋಗಳ ಕಥೆ ಇದಕ್ಕಿಂತ ಸಣ್ಣದಲ್ಲ. ಡೊಂಬಿವಲಿ, ಕಲ್ಯಾಣದ ಗಲ್ಲಿಗಳಲ್ಲಿ ಆಲ್ಬಮ್ ಮಾಡುವವರ ಫೋಲ್ಡರು ತೆರೆದರೆ ‘ಫೈನಲ್’, ‘ಫೈನಲ್ 2’, ‘ಫೈನಲ್ ಪಕ್ಕಾ’ ಸಿಗುತ್ತವೆ. ಮದುಮಗಳ ಬಣ್ಣ ಒಂದೊಂದು ಫೈನಲ್ಲಿಗೂ ಒಂದೊಂದು ಮೆಟ್ಟಿಲು ಬೆಳ್ಳಗಾಗಿರುತ್ತದೆ. ಆಲ್ಬಮ್ ಕೊಟ್ಟು ಕೆಲವು ತಿಂಗಳಿಗೆ ಜಾಗ ಸಾಲದೆ ಮೂಲವನ್ನು ಅಳಿಸುತ್ತಾರೆ. ಮೂವತ್ತು ವರ್ಷದ ನಂತರ ಮಗಳು ತಾಯಿಯ ಮುಖ ಹುಡುಕಿದರೆ ಸಿಗುವುದು ಕೊನೆಯ ಫೈನಲ್ ಒಂದೇ.

ಮೂಲವೂ ತಿದ್ದಿದ್ದೂ ಜೊತೆಜೊತೆಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಜಗತ್ತು ನೋಡಿತು. ಇಟಲಿಯ ಪ್ರದರ್ಶನವೊಂದರಲ್ಲಿ ಸ್ಟೀವ್ ಮೆಕರಿಯ ಕ್ಯೂಬಾ ಚಿತ್ರದ ಬೀದಿಕಂಬವೊಂದು ಅಡ್ಡಾದಿಡ್ಡಿಯಾಗಿ ಕತ್ತರಿಸಿ ಅಂಟಿಸಿದಂತಿತ್ತು. ಹುಡುಕುತ್ತ ಹೋದವರಿಗೆ ಅವರ ಬೇರೆ ಚಿತ್ರಗಳ ಜೋಡಿ ಆವೃತ್ತಿಗಳು ಸಿಕ್ಕವು. ಒಂದರಲ್ಲಿದ್ದ ಮನುಷ್ಯರು ಇನ್ನೊಂದರಲ್ಲಿ ಇರಲಿಲ್ಲ. ಆಮೇಲೆ ಅವರು ತಮ್ಮನ್ನು ದೃಶ್ಯಗಳ ಮೂಲಕ ಕಥೆ ಹೇಳುವವನು ಎಂದು ಕರೆದುಕೊಂಡರು. ಆ ಹೆಸರಿಗೆ ತಕರಾರಿಲ್ಲ. ಚಿತ್ರದ ಕೆಳಗೆ ಮೊದಲೇ ಅದನ್ನು ಬರೆದಿದ್ದರೆ ಗದ್ದಲವೇ ಇರುತ್ತಿರಲಿಲ್ಲ.

ನವಿ ಮುಂಬಯಿಯಲ್ಲಿ ಇದು ಬರೀ ಕಲೆಯ ಚರ್ಚೆಯಾಗಿ ಉಳಿದಿಲ್ಲ. ಊರು ತನ್ನನ್ನು ಫ್ಲೆಮಿಂಗೋ ನಗರಿ ಎಂದು ಕರೆದುಕೊಳ್ಳುತ್ತದೆ. ಥಾಣೆ ಖಾರಿಯ ಒಂದು ಭಾಗ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಉಬ್ಬರದ ಹೊತ್ತಿನಲ್ಲಿ ಹಕ್ಕಿಗಳು ಆಶ್ರಯಿಸುವ ನೇರೂಲ್‌ನ ಡಿಪಿಎಸ್ ಕೆರೆ ಆ ಗಡಿಯ ಹೊರಗಿದೆ. ಸಮುದ್ರದ ನೀರು ಒಳಬರುವ ದಾರಿ ಕಟ್ಟಿಕೊಂಡು 2024ರಲ್ಲಿ ಅದು ಒಣಗಿದಾಗ, ಅಲ್ಲಿ ಹಕ್ಕಿಗಳಿದ್ದವು, ನೀರಿತ್ತು ಎಂದು ತೋರಿಸಲು ನಾಗರಿಕರ ಕೈಯಲ್ಲಿದ್ದ ಬಲವಾದ ಪುರಾವೆಗಳಲ್ಲಿ ಹವ್ಯಾಸಿಗಳ ಫೋಟೋವೂ ಒಂದು. ಡೀಹೇಜ್ ಎಳೆದರೆ ಮಬ್ಬು ಹವೆ ತಿಳಿಯಾಗುತ್ತದೆ, ಹಸಿರನ್ನು ಇಳಿಸಿದರೆ ಕೆರೆಯ ಪಾಚಿ ಮಾಯ, ಏರಿಸಿದರೆ ಇದ್ದದ್ದಕ್ಕಿಂತ ಹೆಚ್ಚು. ಎದುರು ಪಕ್ಷದ ವಕೀಲರಿಗೆ ಇಷ್ಟು ಸಾಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಬರೆಯುವ ಜಾಗವಿದೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಒಂದು ಬಿಟ್ ಬದಲಾದರೂ ಅದು ಬೇರೆಯೇ ಆಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕ್ಯಾನನ್, ನಿಕಾನ್‌ಗಳ ರಾ ಫೈಲಿಗೆ ಎಡಿಟ್ ಸೂಚನೆಗಳು ಪಕ್ಕದ ಎಕ್ಸ್‌ಎಂಪಿಯಲ್ಲಿ ಕೂರುತ್ತವೆ, ಮೂಲದ ಬೆರಳಚ್ಚು ಹಾಗೇ ಉಳಿಯುತ್ತದೆ. ಅದನ್ನೇ ಡಿಎನ್‌ಜಿಗೆ ಬದಲಿಸಿಕೊಂಡವರಿಗೆ ಸೂಚನೆಗಳು ಫೈಲಿನ ಹೊಟ್ಟೆಯೊಳಗೇ ಬರೆಯಲ್ಪಡುತ್ತವೆ. ಚಿತ್ರದ ದತ್ತಾಂಶ ಮುಟ್ಟದಿದ್ದರೂ ಹ್ಯಾಶ್ ಬೇರೆಯಾಗುತ್ತದೆ. ಆದ್ದರಿಂದ ಕಾರ್ಡಿನಿಂದ ಇಳಿಸಿದ ಕೂಡಲೇ, ಯಾವ ಸಾಫ್ಟ್‌ವೇರೂ ತೆರೆಯುವ ಮುನ್ನ, ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ ಹ್ಯಾಶ್ ಬರೆದಿಡಬೇಕು. ಆಮೇಲೆ ದಾಸವಾಳದ ಬಣ್ಣ ಬೇಕಿದ್ದರೆ ಧಾರಾಳವಾಗಿ ಹಚ್ಚಿಕೊಳ್ಳಬಹುದು.

ಭಾನುವಾರದ ಸಂತೋಷಕ್ಕೆ ಇಷ್ಟೆಲ್ಲ ಗುಮಾಸ್ತಗಿರಿ ಯಾಕೆ ಎಂದು ಕೇಳುವವರು ಇದ್ದಾರೆ, ಕೇಳುವುದೂ ನ್ಯಾಯವೇ. ಆದರೆ ಕೆಲಸ ಅಷ್ಟೇನೂ ಇಲ್ಲ. ಹೊರಗೆ ಕಳಿಸುವ ಪ್ರತಿಯ ಹೆಸರಿನಲ್ಲಿ ದಿನ, ಜಾಗ, ಆವೃತ್ತಿಯ ಅಂಕಿ. ಅಡಿಬರಹದಲ್ಲಿ ‘ಬಣ್ಣ ಏರಿಸಿದೆ, ಹಿಂದಿನ ವಿದ್ಯುತ್ ಗೋಪುರ ತೆಗೆದಿದೆ’ ಎಂಬ ಒಂದು ಸಾಲು. ಅರ್ಧ ನಿಮಿಷದ ಕೆಲಸ. ನೇರೂಲ್ ಕೆರೆಯ 2024ರ ಬೇಸಗೆಯ ಮೂಲ ಫೈಲುಗಳು ಯಾರ ಕಪಾಟಿನಲ್ಲಿವೆಯೋ ಅವರು ಮಳೆ ಹಿಡಿಯುವ ಮುಂಚೆ ಇನ್ನೊಂದು ಪ್ರತಿ ತೆಗೆದಿಡಲಿ. ತಾಳೆಗರಿಗೆ ಗೆದ್ದಲಿನ ಭಯವಿತ್ತು, ಈ ಕರಾವಳಿಯ ಹಾರ್ಡ್ ಡಿಸ್ಕಿಗೆ ಜೂನ್ ತಿಂಗಳ ತೇವದ ಭಯ.